ಹತ್ತು ಗುಂಡುಗಳ ಅಳತೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ಠಾಣೆಯ ಅಂಗಳಕ್ಕೆ ಮೂರು ಚಕ್ರದ ಸರಕು ಗಾಡಿಯೊಂದು ಬಂದು ನಿಂತಿತು. ಅದನ್ನು ಓಡಿಸುತ್ತಿದ್ದವನು ಇಳಿದು ಹಿಂದಿನ ಹಲಗೆ ಬಿಚ್ಚಿ, ಒಳಗಿದ್ದ ಗಾಲಿಕುರ್ಚಿಯನ್ನು ಮೆಲ್ಲಗೆ ಕೆಳಗಿಳಿಸಿದ. ಕುರ್ಚಿಯಲ್ಲಿ ಕುಳಿತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ಅವಳು ಠಾಣೆಯ ಮೆಟ್ಟಿಲುಗಳನ್ನು ಒಮ್ಮೆ ನೋಡಿ, ಕುರ್ಚಿಯನ್ನು ಅಲ್ಲೇ ನಿಲ್ಲಿಸಿದಳು.

ಪಹರೆಯಲ್ಲಿದ್ದ ದಫೇದಾರ ಓಡಿಬಂದ. "ಎತ್ಕೊಂಡು ಒಳಗೆ ಹೋಗೋಣಮ್ಮಾ. ನಾಲ್ಕು ಜನ ಇದೀವಿ."

"ಬೇಡಣ್ಣ. ನಾನೇನು ಮೂಟೆನಾ? ನಿಮ್ಮ ಸಾಹೇಬ್ರಿಗೆ ಎರಡು ಕಾಲಿವೆಯಲ್ಲ, ಅವ್ರೇ ಇಳಿದು ಬರ್ಲಿ."

ಕಿಟಕಿಯ ಪಕ್ಕದಲ್ಲೇ ಕುಳಿತಿದ್ದ ಇನ್ಸ್‌ಪೆಕ್ಟರಿಗೆ ಈ ಮಾತು ಕೇಳಿಸಿತು. ಅವರು ನಗು ತಡೆದುಕೊಂಡು ಇಳಿದು ಬಂದರು. ಮೇಜು, ಎರಡು ಕುರ್ಚಿ ಹೊರಗೆ ಬಂದವು. ಬರಹಗಾರ ಪೇದೆ ಕಾಗದ ಜೋಡಿಸಿಕೊಂಡು ಕುಳಿತ.

"ಏನಾಯ್ತು ಹೇಳಿ."

"ನನ್ನ ರೈಫಲ್ ಕಳುವಾಗಿದೆ ಸಾರ್. ಪಾಯಿಂಟ್ ಟೂ ಟೂ. ಲೈಸೆನ್ಸ್ ನನ್ನ ಹೆಸರಲ್ಲೇ ಇದೆ."

ದಫೇದಾರ ಹುಬ್ಬೇರಿಸಿದ. ಕಾಲು ಬಾರದ ಹೆಂಗಸಿನ ಹೆಸರಲ್ಲಿ ಬಂದೂಕಿನ ಲೈಸೆನ್ಸ್ ಇರುವುದನ್ನು ಅವನು ತನ್ನ ಇಡೀ ಸರ್ವೀಸಿನಲ್ಲಿ ಕೇಳಿರಲಿಲ್ಲ. ಅದನ್ನು ಗಮನಿಸಿದ ಅವಳು ತಾನಾಗಿಯೇ ಹೇಳಿದಳು.

ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವುದು ಅವಳ ಕೆಲಸ. ಬಸ್ಸಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಮೇಲೆ ಕಲಿತದ್ದು ಗುರಿಯ ಆಟ. ಈಗ ಓಣಿಯ ಜನರೆಲ್ಲ ಅವಳನ್ನು ರೈಫಲಕ್ಕ ಎಂದೇ ಕರೆಯುತ್ತಾರೆ. ಲೈಸೆನ್ಸಿಗೆ ಅರ್ಜಿ ಹಾಕಿದಾಗ ಇದೇ ಠಾಣೆಯಲ್ಲಿ ಹಿಂದೆ ಇದ್ದ ಇನ್ಸ್‌ಪೆಕ್ಟರು "ಸ್ವತಃ ನಡೆಯಲಾರದವರಾದ್ದರಿಂದ ಆಯುಧವನ್ನು ಕಾಪಾಡಿಕೊಳ್ಳಲು ಅಸಮರ್ಥರು" ಎಂದು ವರದಿ ಕೊಟ್ಟಿದ್ದರು. ಅರ್ಜಿ ತಿರಸ್ಕಾರವಾಯಿತು. ಅವಳು ಮೇಲ್ಮನವಿ ಹಾಕಿದಳು. ವಿಚಾರಣೆಯಲ್ಲಿ ಅಧಿಕಾರಿ, "ಕಳ್ಳ ಬಂದರೆ ಓಡಿ ಹೋಗಿ ಹಿಡಿಯುತ್ತೀರಾ?" ಎಂದು ಕೇಳಿದ್ದರಂತೆ. "ಓಡೋಕೆ ಬರೋರು ಎಷ್ಟು ಜನ ಕಳ್ಳನ್ನ ಹಿಡಿದಿದಾರೆ ಸಾರ್?" ಎಂದು ಇವಳು ಕೇಳಿದಳಂತೆ. ಕಪಾಟು ನೆಲಕ್ಕೆ ಬಿಗಿದಿರಬೇಕು, ಗುಂಡು ಹಾರಲು ಬೇಕಾದ ಬೋಲ್ಟನ್ನು ಬಿಚ್ಚಿ ಬೇರೆ ಖಾನೆಯಲ್ಲಿಡಬೇಕು, ಕಳೆದರೆ ತಕ್ಷಣ ತಿಳಿಸಬೇಕು ಎಂಬ ಷರತ್ತುಗಳ ಮೇಲೆ ಲೈಸೆನ್ಸ್ ಸಿಕ್ಕಿತು.

"ಈಗ ನಾನೇ ಬಂದು ಕಳೆದುಹೋಯ್ತು ಅಂತಿದೀನಿ. ನೋಡಿದ್ರಾ, ನಾವು ಆಗ್ಲೇ ಹೇಳಿರ್ಲಿಲ್ವಾ ಅಂತ ನಾಲ್ಕು ಜನ ಆಡ್ಕೊಳ್ತಾರೆ. ನನ್ನ ಹಿಂದೆ ಕ್ಲಬ್ಬಿನಲ್ಲಿ ಇನ್ನೂ ಮೂರು ಜನ ಅರ್ಜಿ ಹಾಕಿ ಕಾಯ್ತಿದಾರೆ. ಒಬ್ಬಳಿಗೆ ಕಿವಿ ಕೇಳಲ್ಲ, ಒಬ್ಬರಿಗೆ ಒಂದೇ ಕೈ, ಇನ್ನೊಬ್ಬರು ನನ್ನ ಹಾಗೇ. ನನ್ನ ಲೈಸೆನ್ಸ್ ಹೋದ್ರೆ ಅವರ ಕಾಗದ ಮೇಜಿನಿಂದ ಏಳೋದೇ ಇಲ್ಲ."

"ಆದ್ರೂ ಬಂದಿದೀರಿ."

"ಅದು ಯಾರ ಕೈಲಿದೆಯೋ ಏನೋ ಸಾರ್. ನನ್ನ ಲೈಸೆನ್ಸಿಗಿಂತ ಅದು ದೊಡ್ಡದು."

ಇನ್ಸ್‌ಪೆಕ್ಟರ್ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಎಫ್‌ಐಆರ್ ದಾಖಲಿಸುವಂತೆ ಬರಹಗಾರನಿಗೆ ಹೇಳಿದರು. ವಾಸದ ಮನೆಯಲ್ಲಿ ಕಳವು, ಜೊತೆಗೆ ಆಯುಧ ಕಾಯ್ದೆಯ ಕಲಂ. ಸಹಿ ಮಾಡುವ ಮುನ್ನ ರೈಫಲಕ್ಕ ದೂರನ್ನು ಎರಡು ಸಲ ಓದಿದಳು. ರೈಫಲಿನ ಸಂಖ್ಯೆಯಲ್ಲಿ ಆಗಿದ್ದ ಒಂದು ತಪ್ಪನ್ನು ತಿದ್ದಿಸಿದಳು.

ಮನೆ ಸಂತೆಬೀದಿಯ ಹಿಂದಿನ ಓಣಿಯಲ್ಲಿತ್ತು. ಮುಂಭಾಗದಲ್ಲಿ ಅವಳ ತಮ್ಮನ ಲೇತ್ ಅಂಗಡಿ, ಅದರ ಹಿಂದೆ ಅಡುಗೆಮನೆ, ಎರಡು ಕೋಣೆ. ಬೆಳಿಗ್ಗೆ ಸರಕು ಗಾಡಿ ಓಡಿಸಿಕೊಂಡು ಬಂದವನೇ ಆ ತಮ್ಮ. ಕೈ ತುಂಬ ಗ್ರೀಸು, ಕಣ್ಣ ತುಂಬ ಗಾಬರಿ. ಪಂಚರಾಗಿ ಎದುರು ಮನೆಯ ದರ್ಜಿಯನ್ನೂ ಹಾಲಿನವನನ್ನೂ ಕರೆದು, ಇನ್ಸ್‌ಪೆಕ್ಟರ್ ಸ್ಥಳ ಪಂಚನಾಮೆ ಶುರುಮಾಡಿದರು.

ಕಪಾಟು ಕೋಣೆಯ ಮೂಲೆಯಲ್ಲಿ, ಕುರ್ಚಿಯಿಂದ ಕೈಗೆಟುಕುವಷ್ಟು ಎತ್ತರದಲ್ಲಿತ್ತು. ದಪ್ಪ ತಗಡು, ನೆಲದ ಕಾಂಕ್ರೀಟಿಗೆ ನಾಲ್ಕು ತಿರುಪು ಹಾಕಿ ಬಿಗಿದದ್ದು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗೆ ರೈಫಲ್ ಇಡುವ ಜಾಗ ಖಾಲಿ. ಬೋಲ್ಟಿನ ಖಾನೆ ಖಾಲಿ. ಗುಂಡಿನ ಡಬ್ಬಿ ಇತ್ತು. ದಫೇದಾರ ಅದನ್ನು ತೆರೆದು ಎಣಿಸಿದ.

"ಸಾರ್, ಐವತ್ತರ ಡಬ್ಬಿ. ಮೂವತ್ತು ಇದೆ."

"ನೀವು ಎಷ್ಟು ಬಿಟ್ಟಿದ್ರಿ?"

"ತುಂಬಿದ ಡಬ್ಬಿ ಸಾರ್. ಒಡೆದಿರ್ಲಿಲ್ಲ," ಎಂದಳು ರೈಫಲಕ್ಕ.

ದಫೇದಾರ ತಲೆ ಕೆರೆದುಕೊಂಡ. "ಇದೆಂಥ ಕಳ್ಳ ಸಾರ್? ಊಟಕ್ಕೆ ಬಂದವನ ಹಾಗೆ ಬೇಕಾದಷ್ಟು ಬಡಿಸ್ಕೊಂಡು, ಡಬ್ಬಿ ಮುಚ್ಚಿ, ಕಪಾಟಿಗೆ ಬೀಗ ಹಾಕಿ ಹೋಗಿದಾನೆ."

ಅದೇ ಕಪಾಟಿನ ಮೇಲ್ಗಡೆ ರೈಫಲಕ್ಕ ಕೆಲಸಕ್ಕೆ ಹೋಗುವಾಗ ತೆಗೆದಿಡುವ ಚಿನ್ನದ ಓಲೆಗಳಿದ್ದವು. ಅವುಗಳನ್ನು ಯಾರೂ ಮುಟ್ಟಿರಲಿಲ್ಲ.

"ಕೊನೆಗೆ ಕಪಾಟು ತೆರೆದದ್ದು ಯಾವಾಗ?"

"ಮಂಗಳವಾರ. ಮುಂದಿನ ಅಭ್ಯಾಸ ಈ ಶನಿವಾರ, ಅಲ್ಲೀತನಕ ತೆರೆಯೋ ಕೆಲಸ ಇರ್ಲಿಲ್ಲ. ಇವತ್ತು ಬೆಳಿಗ್ಗೆ ಗಾಳಿ ಥಂಡಿ ಅನ್ನಿಸ್ತು, ನಳಿಗೆಗೆ ಸ್ವಲ್ಪ ಎಣ್ಣೆ ಒರೆಸೋಣ ಅಂತ ತೆಗೆದೆ."

"ಬೀಗದ ಕೈ?"

ಅವಳು ಕೊರಳಿನ ದಾರವನ್ನು ಹೊರಗೆಳೆದು ತೋರಿಸಿದಳು. "ಒಂದು ಇಲ್ಲಿ. ಇನ್ನೊಂದು ತಮ್ಮನ ಹತ್ರ."

ತಮ್ಮ ಅಷ್ಟರಲ್ಲೇ ಬೆವರಿದ್ದ. ಕೇಳುವ ಮೊದಲೇ, "ನಾನಲ್ಲ ಸಾರ್," ಎಂದ.

"ನೀನು ಅಂತ ಯಾರಪ್ಪ ಹೇಳಿದ್ದು? ಕೀಲಿ ಎಲ್ಲಿ?"

"ಅಂಗಡಿಯಲ್ಲಿ. ಮೊಳೆಗೆ ನೇತಾಕಿದೀನಿ."

ರೈಫಲಕ್ಕ ಥಟ್ಟನೆ ಅವನ ಕಡೆ ತಿರುಗಿದಳು. "ಮೊಳೆಗಾ? ಪೆಟ್ಟಿಗೆಯಲ್ಲಿ ಇಟ್ಟಿದೀನಿ ಅಂದಿದ್ಯಲ್ಲೋ!"

ತಮ್ಮ ನೆಲ ನೋಡಿದ. ಇನ್ಸ್‌ಪೆಕ್ಟರ್ ಇಬ್ಬರನ್ನೂ ಅಲ್ಲೇ ನಿಲ್ಲಿಸಿ, ಮೊದಲು ಹಿತ್ತಿಲ ಬಾಗಿಲ ಕಡೆ ನಡೆದರು. ಅಲ್ಲಿ ಹೊಸದಾಗಿ ಒಂದು ಇಳಿಜಾರು ಕಟ್ಟಿಸುತ್ತಿದ್ದರು. ಅಕ್ಕನ ಕುರ್ಚಿ ಹಿತ್ತಿಲಿಗೆ ಇಳಿಯಲೆಂದು ತಮ್ಮ ಮಾಡಿಸುತ್ತಿದ್ದ ಕೆಲಸ. ಗಾರೆಯವನು ಬುಧವಾರ ಮಧ್ಯಾಹ್ನ ಸಿಮೆಂಟು ಚೆಲ್ಲಿ ಹೋದವನು ಮತ್ತೆ ಬಂದಿರಲಿಲ್ಲ. ಪುಡಿಯ ಮೇಲೆ ಹೆಜ್ಜೆ ಸಾಲು ಸ್ಪಷ್ಟವಾಗಿ ಮೂಡಿತ್ತು. ದಫೇದಾರ ಮಂಡಿಯೂರಿ ನೋಡಿದ. ದೊಡ್ಡವರ ಚಪ್ಪಲಿ. ಹೆಜ್ಜೆಗಳು ಮಾತ್ರ ತೀರಾ ಗಿಡ್ಡ, ಒಂದಕ್ಕೊಂದು ಅಂಟಿಕೊಂಡ ಹಾಗೆ. ಪ್ರತಿ ಹೆಜ್ಜೆಯ ಮುಂದೆ ಪಾದ ಎಳೆದ ಗೆರೆ.

"ಭಾರ ಹೊತ್ತಿದ್ದ ಅನ್ಸುತ್ತೆ ಸಾರ್. ಅಥವಾ ಕುಡಿದಿದ್ದ."

"ಕುಡಿದವನು ಅಡ್ಡಾದಿಡ್ಡಿ ಹೋಗ್ತಾನೆ. ಇದು ಗೆರೆ ಎಳೆದ ಹಾಗೆ ನೇರ ಇದೆ."

ಬಾಗಿಲವರೆಗೆ ಕುರ್ಚಿ ತಳ್ಳಿಕೊಂಡು ಬಂದ ರೈಫಲಕ್ಕ ಹೆಜ್ಜೆಗಳನ್ನು ನೋಡಿದಳು. ಅಲ್ಲಿಯವರೆಗೆ ಪಟಪಟ ಉತ್ತರ ಕೊಡುತ್ತಿದ್ದವಳ ಬಾಯಿ ಕಟ್ಟಿಹೋಯಿತು. ಇನ್ಸ್‌ಪೆಕ್ಟರ್ ಅದನ್ನು ಕಂಡರು, ಆದರೆ ಕೆದಕಲಿಲ್ಲ. ತಮ್ಮನನ್ನು ಅಂಗಡಿಗೆ ಕರೆದೊಯ್ದರು.

ಗೋಡೆಯ ಮೇಲೆ ಮೊಳೆಗಳ ಸಾಲು. ಸ್ಪ್ಯಾನರು, ಪಟ್ಟಿ, ಕೀಲಿಗಳು. ತಮ್ಮ ಕೊನೆಯ ಮೊಳೆಯಿಂದ ಒಂದು ಕೀಲಿ ತೆಗೆದುಕೊಟ್ಟ. ದಫೇದಾರ ಅದನ್ನು ಕಪಾಟಿಗೆ ಹಾಕಿ ನೋಡಿ ಬಂದ.

"ಒಳಗೆ ಹೋಗುತ್ತೆ. ತಿರುಗಲ್ಲ."

ತಮ್ಮ ಕೀಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

"ಇದು ನಮ್ಮ ಕಪಾಟಿಂದಲ್ಲ ಸಾರ್, ಯಾರೋ ಬದಲಾಯಿಸಿದಾರೆ. ಇದೇ ಥರದ ಎರಡು ಕಪಾಟು ಮಾಡಿದ್ದೆ. ಒಂದು ಅಕ್ಕನಿಗೆ, ಒಂದು..."

"ಒಂದು ಯಾರಿಗೆ?"

ಉತ್ತರ ಹಿಂದಿನಿಂದ ಬಂತು. "ಮೇಷ್ಟ್ರಿಗೆ," ಎಂದಳು ರೈಫಲಕ್ಕ. "ಆ ಹೆಜ್ಜೆಯೂ ಅವರದೇ ಸಾರ್. ನೋಡಿದ ತಕ್ಷಣ ಗೊತ್ತಾಯ್ತು. ಹೇಳೋಕೆ ನಾಲಿಗೆ ಏಳ್ಲಿಲ್ಲ."

ಮೇಷ್ಟ್ರು ಎಂದರೆ ಗುರಿ ಕಲಿಸಿದವರು. ಮೂವತ್ತು ವರ್ಷ ಕ್ಲಬ್ಬಿನಲ್ಲಿ ತರಬೇತಿ ಕೊಟ್ಟವರು. ಆಸ್ಪತ್ರೆಯಿಂದ ಬಂದ ಮೇಲೆ ವರ್ಷವಿಡೀ ಗೋಡೆ ನೋಡುತ್ತ ಮಲಗಿದ್ದವಳನ್ನು ತಮ್ಮ ಒಂದು ದಿನ ಬಲವಂತದಿಂದ ರೇಂಜಿಗೆ ಕರೆದೊಯ್ದಿದ್ದ. ಅಲ್ಲಿದ್ದ ಬೇರೆಯವರು ಅಯ್ಯೋ ಪಾಪ ಎಂದು ಮರುಗಿದರೆ, ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಂತು ಹೊಡೆಯೋರಿಗೆ ಮೊಣಕಾಲು ನಡುಗೋದೇ ದೊಡ್ಡ ತಲೆನೋವು. ನಿನಗೆ ಆ ಕಾಟ ಇಲ್ಲ. ನಮ್ಮೆಲ್ಲರಿಗಿಂತ ಮುಂದಿದೀಯ, ಬಾ," ಎಂದಿದ್ದರು. ಬಿದ್ದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆವತ್ತು. ಲೈಸೆನ್ಸಿನ ಮೇಲ್ಮನವಿಗೆ ಅವಳ ಜೊತೆ ಕಚೇರಿಯಿಂದ ಕಚೇರಿಗೆ ಅಲೆದವರೂ ಅವರೇ.

"ಇವತ್ತು ನಾನು ನನ್ನ ಕಾಲ ಮೇಲೆ ನಿಂತಿದ್ರೆ ಅವರಿಂದ ಸಾರ್," ಎಂದಳು. ಆಮೇಲೆ ತನ್ನ ಮಾತಿಗೆ ತಾನೇ ಕಣ್ಣೊರೆಸಿಕೊಂಡು, "ಮಾತಿಗೆ ಹೇಳ್ದೆ," ಎಂದಳು.

"ನಿನ್ನೆ ಅವರು ಇಲ್ಲಿಗೆ ಬಂದಿದ್ರಾ?" ಇನ್ಸ್‌ಪೆಕ್ಟರ್ ತಮ್ಮನನ್ನು ಕೇಳಿದರು.

"ನಾಲ್ಕು ಗಂಟೆ ಹೊತ್ತಿಗೆ. ಉದ್ದನೆ ಬಟ್ಟೆ ಚೀಲ ಇತ್ತು. ನಾನು ಒಂದು ಶಾಫ್ಟ್ ಕೊಡೋಕೆ ಹೋಗ್ಬೇಕಿತ್ತು, ಅಂಗಡಿ ಸ್ವಲ್ಪ ನೋಡ್ಕೊಂಡಿರಿ ಮೇಷ್ಟ್ರೇ ಅಂದೆ. ವಾಪಸ್ ಬರೋಷ್ಟರಲ್ಲಿ ಇರ್ಲಿಲ್ಲ. ಕಾದು ಬೇಜಾರಾಗಿ ಹೋದ್ರೇನೋ ಅಂದ್ಕೊಂಡೆ."

"ಅವರ ಸ್ವಂತ ರೈಫಲ್ ಇಲ್ವಾ?"

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. "ಇತ್ತು," ಎಂದಳು ಅಕ್ಕ. "ಮೂರು ತಿಂಗಳ ಹಿಂದೆ ಲೈಸೆನ್ಸ್ ನಿಲ್ಲಿಸಿ ಅದನ್ನೂ ಕಿತ್ಕೊಂಡುಬಿಟ್ರು."

ಮೇಷ್ಟ್ರ ಮನೆ ನಾಲ್ಕು ಬೀದಿಯಾಚೆ. ಬಾಗಿಲು ತೆರೆದ ಹೆಂಡತಿ ಖಾಕಿ ಕಂಡೊಡನೆ ಚೌಕಟ್ಟು ಹಿಡಿದುಕೊಂಡರು.

"ಅವ್ರಿಗೇನಾಯ್ತು?"

"ಏನೂ ಆಗಿಲ್ಲಮ್ಮ. ಎಲ್ಲಿದಾರೆ?"

"ಬೆಳಿಗ್ಗೆ ಹೋದ್ರು. ವ್ಯಾಯಾಮದ ಕ್ಲಾಸಿಗೆ ಅಂದ್ರು."

ಒಳಕೋಣೆಯಲ್ಲಿ ಅದೇ ಅಚ್ಚಿನ ಕಪಾಟು. ರೈಫಲಕ್ಕನ ತಮ್ಮ ಹೇಳಿದ್ದು ನಿಜವಾಗಿತ್ತು. ಮೊಳೆಯಲ್ಲಿ ಸಿಕ್ಕ ಕೀಲಿ ಇಲ್ಲಿ ಸಲೀಸಾಗಿ ತಿರುಗಿತು. ಒಳಗೆ ಏನೂ ಇರಲಿಲ್ಲ. ತಳದ ಫೆಲ್ಟಿನ ಮೇಲೆ ರೈಫಲಿನ ಹಿಡಿಯ ಗುರುತು ಮಾತ್ರ ಉಳಿದಿತ್ತು.

ಹೆಂಡತಿ ಹೇಳಿದ ಸಂಗತಿ ಇಷ್ಟು. ಎರಡು ವರ್ಷದಿಂದ ಮೇಷ್ಟ್ರಿಗೆ ನಡುಕದ ಕಾಯಿಲೆ. ಬಲಗೈ ಸುಮ್ಮನಿದ್ದರೆ ತಾನಾಗಿ ಅಲುಗುತ್ತದೆ, ನಡೆ ಗಿಡ್ಡವಾಗಿದೆ. ಲೈಸೆನ್ಸ್ ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕಿತ್ತು. ಡಾಕ್ಟರು ಅನರ್ಹ ಎಂದರು. ಮರುದಿನವೇ ರೈಫಲನ್ನು ಶಸ್ತ್ರಾಗಾರಕ್ಕೆ ಒಪ್ಪಿಸಬೇಕಾಯಿತು. ಲೈಸೆನ್ಸ್ ಅಮಾನತಾದವರು ರೇಂಜಿನ ಬಂದೂಕನ್ನೂ ಮುಟ್ಟುವಂತಿಲ್ಲ ಎಂದು ಕ್ಲಬ್ಬಿನವರು ಹೇಳಿದರು. ಮೇಲ್ಮನವಿ ಹಾಕಿದ್ದಾರೆ. ಸೋಮವಾರ ವಿಚಾರಣೆ.

"ಆವತ್ತಿನಿಂದ ಮಾತು ಕಮ್ಮಿ ಆಗೋಯ್ತು. ಊಟಕ್ಕೆ ಕರೆದ್ರೆ ಹೂಂ, ಬಿಟ್ರೆ ಉಹೂಂ. ಅವ್ರು ಏನೂ ಮಾಡ್ಕೊಳ್ಳಲ್ಲ ಅಲ್ವಾ ಸಾರ್?"

ಕಾಯಿಲೆಯ ಮನುಷ್ಯ, ಮೌನ, ಕೈಯಲ್ಲಿ ಬಂದೂಕು. ಪೊಲೀಸಿನವರಿಗೆ ಈ ಮೂರು ಸೇರಿದರೆ ಏನಾಗುತ್ತದೆಂದು ಗೊತ್ತು. ದಫೇದಾರ ಆಗಲೇ ಜೀಪಿನತ್ತ ಓಡಿದ್ದ.

ಇನ್ಸ್‌ಪೆಕ್ಟರ್ ರೈಫಲಕ್ಕನಿಗೆ ಫೋನ್ ಮಾಡಿದರು. "ರೇಂಜ್ ಬಿಟ್ರೆ ಅವರು ಎಲ್ಲಿ ಹೊಡೀಬಹುದು?"

ಅವಳು ಯೋಚಿಸಲಿಲ್ಲ. "ಹಳೇ ಇಟ್ಟಿಗೆ ಗೂಡು. ಮಣ್ಣು ತೆಗೆದ ಹಳ್ಳ ಇದೆ, ಹಿಂದೆ ಎತ್ತರದ ದಿಬ್ಬ. ರೇಂಜ್ ಕಟ್ಟೋಕೆ ಮುಂಚೆ ಅಲ್ಲೇ ಅಂತೆ ಅಭ್ಯಾಸ. ನಾನೂ ಬರ್ತೀನಿ ಸಾರ್."

"ಬೇಡ. ಅಪಾಯ ಇದೆ."

"ನಿಮ್ಮ ಮಾತು ಅವ್ರು ಕೇಳಲ್ಲ. ನನ್ನ ಮಾತು ಕೇಳ್ತಾರೆ."

ಇನ್ಸ್‌ಪೆಕ್ಟರ್ ಜೀಪು ಹತ್ತುತ್ತ ಹೇಳಿದರು. "ನಾನು ಹೇಳಿದ ಕಡೆ ನಿಲ್ಬೇಕು. ಒಂದು ಅಡಿ ಮುಂದೆ ಬರ್ಬಾರ್ದು."

ಹನ್ನೆರಡೂವರೆಗೆ, ದಫೇದಾರನೂ ಬರಹಗಾರನೂ ಇದ್ದ ಜೀಪು ಇಟ್ಟಿಗೆ ಗೂಡಿನ ಹತ್ತಿರ ನಿಂತಿತು. ಹಿಂದೆಯೇ ಸರಕು ಗಾಡಿ. ಗೂಡಿನಲ್ಲಿ ಇಟ್ಟಿಗೆ ಪೇರಿಸುತ್ತಿದ್ದ ಗಂಡ ಹೆಂಡತಿ ಕೈ ನಿಲ್ಲಿಸಿ ನೋಡಿದರು. ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಒಂದು ಕೋಲು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಲಾಗಿತ್ತು.

"ಇದೇನು?"

"ಆ ಹಿರಿಯರು ಕಟ್ಟಿದ್ದು," ಎಂದ ಗೂಡಿನವನು. "ಇದು ಇರೋ ತನಕ ಕೆಳಗೆ ಬರ್ಬೇಡಿ, ಮಕ್ಕಳನ್ನೂ ಬಿಡ್ಬೇಡಿ ಅಂತ ಎರಡೆರಡು ಸಲ ಹೇಳಿ ಹೋದ್ರು."

ದಫೇದಾರ ಪಿಸುಗುಟ್ಟಿದ. "ಬಾವುಟ ನೆಟ್ಟು ಕಳ್ಳತನ ಮಾಡೋನ್ನ ಇವತ್ತೇ ನೋಡಿದ್ದು ಸಾರ್."

ಅಷ್ಟರಲ್ಲಿ ಕೆಳಗಿನಿಂದ ಸದ್ದು ಬಂತು. ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು. ರೈಫಲಕ್ಕ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಳು. ಎಲ್ಲರೂ ಕಾದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು. ಆಮೇಲೆ ಮತ್ತೊಂದು.

ರೈಫಲಕ್ಕನ ಭುಜ ಸಡಿಲವಾಯಿತು. "ಗುರಿ ಹೊಡೀತಿದಾರೆ ಸಾರ್," ಎಂದಳು, ಅಳುತ್ತ. "ನಡುವೆ ಉಸಿರು ಬಿಟ್ಟು ಹೊಡೀತಿದಾರೆ. ನನಗೆ ಕಲಿಸಿದ ಹಾಗೇ."

ಇನ್ಸ್‌ಪೆಕ್ಟರ್ ಅಂಚಿಗೆ ಹೋಗಿ ಇಣುಕಿದರು. ಹಳ್ಳದ ಈ ತುದಿಯಲ್ಲಿ ಬಿಳಿ ಕೂದಲಿನ ಒಬ್ಬರು ಇಟ್ಟಿಗೆ ರಾಶಿಯ ಮೇಲೆ ಮೊಣಕೈ ಊರಿ ಕುಳಿತಿದ್ದರು. ಬೆನ್ನು ಇತ್ತ ಕಡೆ. ದೂರದ ದಿಬ್ಬಕ್ಕೆ ಎರಡು ಗುರಿಹಾಳೆ. ಬಂದೂಕಿರುವ ಮನುಷ್ಯನ ಬೆನ್ನ ಹಿಂದೆ ಹೋಗಿ ಕೂಗುವುದು ಯಾವ ಪೊಲೀಸಿನವನೂ ಇಷ್ಟಪಡುವ ಕೆಲಸವಲ್ಲ. ಅವರು ಗೂಡಿನ ಗೋಡೆಯ ಮರೆಗೆ ಸರಿದು ರೈಫಲಕ್ಕನಿಗೆ ಸನ್ನೆ ಮಾಡಿದರು.

ಅವಳು ಎದೆ ತುಂಬ ಉಸಿರೆಳೆದು, ರೇಂಜಿನಲ್ಲಿ ಕೂಗುವ ಹಾಗೆ ಕೂಗಿದಳು. "ಗುಂಡು ನಿಲ್ಲಿಸಿ! ಖಾಲಿ ಮಾಡಿ! ಬೋಲ್ಟ್ ತೆಗೆದು ಹಿಂದೆ ಸರೀರಿ!"

ಮೂವತ್ತು ವರ್ಷ ತಾವೇ ಕೊಟ್ಟ ಆಜ್ಞೆ. ಮೇಷ್ಟ್ರು ತಿರುಗಿಯೂ ನೋಡಲಿಲ್ಲ. ಬೋಲ್ಟನ್ನು ಹೊರಗೆಳೆದು ಇಟ್ಟಿಗೆಯ ಮೇಲಿಟ್ಟರು, ರೈಫಲನ್ನು ಅದರ ಪಕ್ಕ ಮಲಗಿಸಿದರು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಮೇಲಷ್ಟೇ ತಿರುಗಿ, ಮೇಲೆ ಕುರ್ಚಿಯಲ್ಲಿದ್ದವಳನ್ನೂ ಖಾಕಿಯವರನ್ನೂ ಕಂಡರು.

"ಗೊತ್ತಾಗೋಯ್ತಾ?" ಎಂದರು. "ಸಂಜೆ ವಾಪಸ್ ಇಡೋಣ ಅಂತಿದ್ದೆ, ತಾಯಿ."

ದಫೇದಾರ ರೈಫಲನ್ನೂ ಬೋಲ್ಟನ್ನೂ ವಶಕ್ಕೆ ತೆಗೆದುಕೊಂಡ. ಗುಂಡು ಒಂದೂ ಉಳಿದಿರಲಿಲ್ಲ. ಇಪ್ಪತ್ತು ಖಾಲಿ ತೋಟೆಗಳು ಒಂದು ಕರವಸ್ತ್ರದ ಮೇಲೆ ಒಪ್ಪವಾಗಿ ಸಾಲಾಗಿದ್ದವು.

ಗೂಡಿನವನ ಹೆಂಡತಿ ಒಂದು ಚೊಂಬು ನೀರು ತಂದಳು. ಮೇಷ್ಟ್ರನ್ನು ಇಟ್ಟಿಗೆಯ ಮೇಲೆ ಕೂರಿಸಿದರು. ಬಲಗೈ ತೊಡೆಯ ಮೇಲೆ ಅಲುಗುತ್ತಲೇ ಇತ್ತು, ಯಾರೋ ಒಳಗಿನಿಂದ ಬಾಗಿಲು ತಟ್ಟುತ್ತಿರುವ ಹಾಗೆ.

"ರೈಫಲ್ ತಗೊಂಡದ್ದು ನೀವೇನಾ?"

"ನಾನೇ."

"ಯಾರಾದರೂ ಸಹಾಯ ಮಾಡಿದ್ರಾ?"

"ಇಲ್ಲ. ಆ ಹುಡುಗ ನನ್ನ ನಂಬಿ ಅಂಗಡಿ ಬಿಟ್ಟುಹೋದ. ನಂಬಿದೋರ ಮನೇಲಿ ಕದ್ದೆ."

"ಅಪರಾಧ ಅಂತ ಗೊತ್ತಿತ್ತಾ?"

"ಕಾಯ್ದೆ ಪುಸ್ತಕ ಇವಳಿಗೆ ಓದಿ ಹೇಳಿದೋನೇ ನಾನು ಸಾರ್."

ಇನ್ಸ್‌ಪೆಕ್ಟರ್ ಕೇಳಿದರು. "ಮತ್ತೆ ಯಾಕೆ?"

ಮೇಷ್ಟ್ರು ತಮ್ಮ ಕೈಯನ್ನೇ ನೋಡುತ್ತ ಹೇಳಿದರು. "ಡಾಕ್ಟರು ಕೈ ಮೇಜಿನ ಮೇಲಿಡಿ ಅಂದ್ರು. ಇಟ್ಟೆ. ನಡುಗ್ತು. ಅನರ್ಹ ಅಂತ ಬರೆದ್ರು. ಏನನ್ನಾದ್ರೂ ಹಿಡಿದು ತೋರ್ಸಿ ಅನ್ನಲೇ ಇಲ್ಲ. ಈ ಕೈ ಸುಮ್ಮನಿದ್ರೆ ನಡುಗುತ್ತೆ ಸಾರ್, ಕೆಲಸ ಕೊಟ್ರೆ ನಿಲ್ಲುತ್ತೆ. ಹಾಗಂತ ನನಗೆ ಅನ್ಸುತ್ತೆ. ಆದ್ರೆ ಅನ್ಸೋದು ಬೇರೆ, ಇರೋದು ಬೇರೆ. ಸೋಮವಾರ ಹೋಗಿ ನಾನು ಹೊಡೀಬಲ್ಲೆ ಅಂತ ಹೇಳ್ಬೇಕು. ಅದು ನಿಜವೋ, ಮುದುಕನ ಹಟವೋ, ನನಗೇ ಗೊತ್ತಿಲ್ಲ. ಸುಳ್ಳಾಗಿದ್ರೆ ಡಾಕ್ಟರು ಸರಿ. ಆಗ ವಿಚಾರಣೆಗೆ ಹೋಗದೆ ಲೈಸೆನ್ಸ್ ನಾನೇ ಒಪ್ಪಿಸಿಬಿಡ್ತಿದ್ದೆ. ನನ್ನ ಕೈಯಿಂದ ಯಾರಿಗೂ ಅಪಾಯ ಆಗ್ಬಾರ್ದು. ಅದನ್ನ ತಿಳ್ಕೊಳ್ಳೋಕೆ ಬಂದೂಕು ಬೇಕಿತ್ತು, ಯಾರೂ ಮುಟ್ಟೋಕೆ ಬಿಡ್ಲಿಲ್ಲ."

"ತಿಳೀತಾ?"

"ನಾನಿನ್ನೂ ಹಾಳೆ ಹತ್ರ ಹೋಗಿ ನೋಡಿಲ್ಲ. ಈ ಕಣ್ಣಿಗೆ ಅಷ್ಟು ದೂರದಿಂದ ತೂತು ಕಾಣ್ಸಲ್ಲ."

ರೈಫಲಕ್ಕ ಅಲ್ಲಿಯವರೆಗೆ ಮೇಲಿನ ಅಂಚಿನಲ್ಲೇ ಇದ್ದಳು. ತಮ್ಮನೂ ಗೂಡಿನವನೂ ಸೇರಿ ಕುರ್ಚಿಯನ್ನು ಕೆಳಗಿಳಿಸಿದರು. ಈ ಸಲ ಅವಳು ಮೂಟೆಯ ಮಾತೆತ್ತಲಿಲ್ಲ. ಬಂದವಳೇ ಇನ್ಸ್‌ಪೆಕ್ಟರಿಗೆ ಹೇಳಿದಳು. "ಸಾರ್, ರೈಫಲ್ ನಾನೇ ಕೊಟ್ಟಿದ್ದೆ. ಮರೆತುಹೋಗಿತ್ತು. ದೂರು ವಾಪಸ್ ತಗೋತೀನಿ."

"ಸುಮ್ನಿರು," ಎಂದರು ಮೇಷ್ಟ್ರು, ಗದರುವ ದನಿಯಲ್ಲಿ.

"ನೀವು ಕೊಟ್ಟಿದ್ದು ನಿಜ ಆದ್ರೆ ಲೈಸೆನ್ಸ್ ಇಲ್ಲದವರಿಗೆ ಆಯುಧ ಕೊಟ್ಟ ಅಪರಾಧ ನಿಮ್ಮ ಮೇಲೆ ಬರುತ್ತೆ," ಎಂದರು ಇನ್ಸ್‌ಪೆಕ್ಟರ್. "ಸುಳ್ಳಾದ್ರೆ ಸುಳ್ಳು ಹೇಳಿಕೆ. ಎರಡರಲ್ಲಿ ಯಾವುದು ಬರ್ಕೊಳ್ಳಲಿ?"

ಅವಳು ತಲೆ ತಗ್ಗಿಸಿದಳು.

"ನಾನು ಕಿವಿ ಮುಚ್ಚಿಕೊಂಡಿದ್ದೆ ಅಂದ್ಕೊಳ್ಳಿ," ಎಂದು ಇನ್ಸ್‌ಪೆಕ್ಟರ್ ಎದ್ದರು. "ಬೆಳಿಗ್ಗೆ ನೀವು ಕೊಟ್ಟ ದೂರು ಅಕ್ಷರಶಃ ನಿಜ. ನಿಮ್ಮ ಲೈಸೆನ್ಸ್ ಉಳಿದ್ರೆ ಅದರಿಂದಲೇ ಉಳಿಯೋದು."

ಮೇಷ್ಟ್ರು ಅವಳ ಕಡೆ ಕೈ ಮುಗಿದರು. "ನಿನ್ನ ಹೆಸರಿಗೆ ಮಸಿ ಬಳೀತಿದ್ದೆ. ನೀನು ಹೋಗಿ ದೂರು ಕೊಟ್ಟೆಯಲ್ಲ, ಒಳ್ಳೇದು ಮಾಡ್ದೆ. ನಾನು ಕಲಿಸಿದ್ದು ದಂಡ ಆಗ್ಲಿಲ್ಲ."

"ಕೇಳಿದ್ರೆ ನಾನೇ ಪಕ್ಕದಲ್ಲಿ ಕೂತು ಇದಕ್ಕೊಂದು ದಾರಿ ಹುಡುಕ್ತಿರ್ಲಿಲ್ವಾ ಮೇಷ್ಟ್ರೇ?"

"ಕೇಳೋಕೆ ನಾಚಿಕೆ ಆಯ್ತು. ನಿನಗೆ ಲೈಸೆನ್ಸ್ ಕೊಡ್ಸಿದೋನು ನಾನು. ನನ್ನದು ಕಿತ್ಕೊಂಡಿದಾರೆ ಅಂತ ನಿನ್ನ ಮುಂದೆ ಕೈ ಚಾಚೋದು ಹೇಗೆ?"

ಅವಳು ಕುರ್ಚಿಯನ್ನು ಮುಂದೆ ಸರಿಸಿ, ಅಲುಗುತ್ತಿದ್ದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಈ ಕೈ ಹಿಡಿದೇ ನಾನು ಮನೆಯಿಂದ ಹೊರಗೆ ಬಂದದ್ದು," ಎಂದಳು.

ವಶಪಡಿಸಿಕೊಳ್ಳುವ ಪಂಚನಾಮೆ ಅಲ್ಲೇ ನಡೆಯಿತು. ಪಂಚರು ಗೂಡಿನ ಗಂಡ ಹೆಂಡತಿ. ರೈಫಲ್ ಒಂದು, ಬೋಲ್ಟ್ ಒಂದು, ಮೇಷ್ಟ್ರ ಜೇಬಿನಲ್ಲಿದ್ದ ಕಪಾಟಿನ ಕೀಲಿ ಒಂದು, ಖಾಲಿ ತೋಟೆ ಇಪ್ಪತ್ತು, ಕೆಂಪು ಬಟ್ಟೆ ಕಟ್ಟಿದ ಕೋಲು ಒಂದು. ಕೊನೆಗೆ ದಿಬ್ಬದಿಂದ ಎರಡು ಗುರಿಹಾಳೆಗಳನ್ನು ಬಿಚ್ಚಿ ತಂದರು.

"ಗುಂಡು ತಗುಲಿದ ಹಾಳೆ ಎರಡು ಅಂತ ಬರೀಲಾ ಸಾರ್?" ಬರಹಗಾರ ಕೇಳಿದ.

ಇನ್ಸ್‌ಪೆಕ್ಟರ್ ಹಾಳೆಗಳನ್ನು ಹಿಡಿದು ನೋಡಿದರು. ನೋಡುತ್ತಲೇ ನಿಂತರು. "ಬೇಡ. ಅಳತೆ ಹಾಕಿ ಬರಿ. ಕೊಲೆ ಕೇಸಲ್ಲಿ ಗೋಡೆ ಮೇಲಿನ ತೂತು ಹೇಗೆ ಅಳೀತೀಯೋ ಹಾಗೆ. ದಫೇದಾರ್ರೇ, ಟೇಪ್ ಹಿಡೀರಿ. ಕುಳಿತ ಇಟ್ಟಿಗೆಯಿಂದ ದಿಬ್ಬಕ್ಕೆ ದೂರ ಎಷ್ಟು?"

"ಐವತ್ತು ಮೀಟರ್ ಸಾರ್. ಒಂದು ಗೇಣು ಹೆಚ್ಚೇ ಇದೆ."

"ಮೊಣಕೈಗೆ ಇಟ್ಟಿಗೆಯ ಆಸರೆ ಇತ್ತು. ಅದೂ ಬರಿ. ಇದ್ದದ್ದು ಇದ್ದ ಹಾಗೆ."

ಮೊದಲ ಹಾಳೆಯಲ್ಲಿ ಹತ್ತು ತೂತುಗಳು ಅಂಗೈಯಗಲ ಚೆದುರಿದ್ದವು. ಮೂರು ತಿಂಗಳು ಬಂದೂಕು ಮುಟ್ಟದವರ ಹೊಡೆತ. ಎರಡನೆಯ ಹಾಳೆಯನ್ನು ಗೂಡಿನವನು ಇಟ್ಟಿಗೆಯ ಮೇಲೆ ಹರಡಿ ಹಿಡಿದ. ದಫೇದಾರ ಪಟ್ಟಿಯಿಟ್ಟು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ಇಟ್ಟು ನೋಡಿದ.

"ಹೇಳಿ ದಫೇದಾರ್ರೇ."

"ಹತ್ತೂ ತೂತು ಸೇರಿ ಎರಡೂವರೆ ಸೆಂಟಿಮೀಟರಿಗೂ ಒಂಚೂರು ಕಮ್ಮಿ ಸಾರ್." ಅವನು ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ತೋರಿಸಿದ. ತೂತುಗಳೆಲ್ಲ ಬೆರಳಿನ ಕೆಳಗೆ ಅಡಗಿದವು. "ಸಾರ್, ನನ್ನ ವಾರ್ಷಿಕ ಗುರಿ ಪರೀಕ್ಷೆಯಲ್ಲಿ ನಾನು ಹಾಳೆಗೇ ತಗುಲಿಸಿದ್ರೆ ಪುಣ್ಯ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಹಾಳೆಯನ್ನು ಒಮ್ಮೆ ಕೊಡಿ ಎಂದು ಕೇಳಿದರು. ಸಾಕ್ಷ್ಯದ ವಸ್ತು, ಆರೋಪಿಯ ಕೈಗೆ ಕೊಡುವಂತಿಲ್ಲ. ಇನ್ಸ್‌ಪೆಕ್ಟರ್ ತಾವೇ ಅದನ್ನು ಅವರ ಕಣ್ಣ ಮುಂದೆ ಹಿಡಿದು ನಿಂತರು. ಮುದುಕರು ಬಹಳ ಹೊತ್ತು ನೋಡಿದರು.

"ಹಟ ಅಲ್ಲ ಹಾಗಿದ್ರೆ," ಎಂದರು. ಆಮೇಲೆ ಕೇಳಿದರು. "ಈ ಪಂಚನಾಮೆಯ ನಕಲು ಆರೋಪಿಗೆ ಸಿಗುತ್ತಾ ಸಾರ್?"

"ಕಾಯ್ದೆ ಪ್ರಕಾರ ಕೊಡ್ಲೇಬೇಕು. ದೃಢೀಕರಿಸಿ ಕೊಡ್ತೀವಿ. ಅದನ್ನ ಎಲ್ಲಿ ಬೇಕಾದ್ರೂ ಹಾಜರುಪಡಿಸೋ ಹಕ್ಕು ನಿಮಗಿದೆ."

ಮೇಷ್ಟ್ರಿಗೆ ಅರ್ಥವಾಯಿತು. ಕಣ್ಣು ತುಂಬಿ ಬಂತು. "ದೊಡ್ಡ ಉಪಕಾರ ಆಯ್ತು," ಎಂದರು.

"ನಾನು ಉಪಕಾರ ಮಾಡಿಲ್ಲ, ಅಳತೆ ಹಾಕಿದೀನಿ," ಎಂದರು ಇನ್ಸ್‌ಪೆಕ್ಟರ್. "ಈಗ ಏಳಿ. ನಿಮ್ಮನ್ನ ಬಂಧಿಸ್ತಾ ಇದೀನಿ."

ದಫೇದಾರ ಕೈಕೋಳದ ಕಡೆ ನೋಡಿದ. ಇನ್ಸ್‌ಪೆಕ್ಟರ್ ಬೇಡವೆಂದು ತಲೆಯಾಡಿಸಿದರು. ಮೇಷ್ಟ್ರು ಚೊಂಬು ಎತ್ತಿ ನೀರು ಕುಡಿದರು. ಚೊಂಬು ಹಿಡಿದಷ್ಟು ಹೊತ್ತೂ ಆ ಬಲಗೈ ಅಲುಗಲಿಲ್ಲ. ಒಂದು ಹನಿ ನೀರು ಹೊರಗೆ ಚೆಲ್ಲಲಿಲ್ಲ. ಗೂಡಿನ ಹೆಂಗಸೂ ಅದನ್ನು ನೋಡಿದಳು, ಬರಹಗಾರನೂ ನೋಡಿದ.

ಮರುದಿನ ನ್ಯಾಯಾಲಯದಲ್ಲಿ ಜಾಮೀನಾಯಿತು. ಜಾಮೀನು ನಿಂತವನು ಲೇತ್ ಅಂಗಡಿಯ ತಮ್ಮ. ಸೋಮವಾರದ ವಿಚಾರಣೆ ಮುಂದಕ್ಕೆ ಹೋಯಿತು. ಅದು ನಡೆದಾಗ ಮೇಷ್ಟ್ರ ವಕೀಲರು ಪಂಚನಾಮೆಯ ನಕಲನ್ನು ಮುಂದಿಟ್ಟರು. ಮಾಡಿದ್ದು ತಪ್ಪು, ಅದರ ಶಿಕ್ಷೆ ನ್ಯಾಯಾಲಯಕ್ಕೆ ಬಿಟ್ಟದ್ದು ಎಂದ ಅಧಿಕಾರಿ, ಕಾಯಿಲೆಯ ಹೆಸರು ನೋಡಿ ಅನರ್ಹ ಎನ್ನುವುದು ಪರೀಕ್ಷೆಯಲ್ಲ ಎಂದೂ ಬರೆದರು. ಕೈಗೆ ರೈಫಲ್ ಕೊಟ್ಟು ಪರೀಕ್ಷಿಸಲು ಆದೇಶವಾಯಿತು. ಮನೆಯಲ್ಲಿ ಬಂದೂಕು ಇಡುವ ಲೈಸೆನ್ಸ್ ಮೇಷ್ಟ್ರಿಗೆ ಮತ್ತೆ ಸಿಗಲಿಲ್ಲ. ರೇಂಜಿನಲ್ಲಿ, ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಹೊಡೆಯಲು ಮತ್ತು ಕಲಿಸಲು ಅನುಮತಿ ಸಿಕ್ಕಿತು. ಆರು ತಿಂಗಳಿಗೊಮ್ಮೆ ಮರುಪರೀಕ್ಷೆ. ಅಷ್ಟೇ ಸಾಕು, ಅದಕ್ಕೂ ಹೆಚ್ಚು ಕೇಳಿದರೆ ದುರಾಸೆ ಎಂದು ಮೇಷ್ಟ್ರು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು. ಮೇಲ್ವಿಚಾರಣೆಗೆ ಹೆಸರು ಕೊಟ್ಟವಳು ರೈಫಲಕ್ಕ. ಕೀಲಿ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದ್ದುದಕ್ಕೆ ಅವಳಿಗೆ ಲಿಖಿತ ಎಚ್ಚರಿಕೆ ಬಂತು. ಲೈಸೆನ್ಸ್ ಉಳಿಯಿತು. ಕ್ಲಬ್ಬಿನ ಉಳಿದ ಮೂರು ಅರ್ಜಿಗಳೂ ಮೇಜಿನಿಂದ ಎದ್ದವು.

ಆದರೆ ಬಂಧನದ ದಿನ ಸಂಜೆ ಇದೊಂದೂ ಗೊತ್ತಿರಲಿಲ್ಲ. ಠಾಣೆಯಲ್ಲಿ ಮೇಷ್ಟ್ರ ಹೆಂಡತಿ ಗಂಡನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದರು. ಜೀವ ಉಳಿಸಿ ಕರೆತಂದಿರಿ ಎಂದು ಅವರು ಮೂರು ಸಲ ಕೈ ಮುಗಿದಾಗಿತ್ತು. ಒಳಗೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆಸುತ್ತಿದ್ದರು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಸ್ವಲ್ಪ ಯೋಚಿಸಿ ಹೇಳಿದರು.

"ಬರ್ಕೋ. ಆರೋಪಿಯು ತಮ್ಮ ಕೈ ಇನ್ನೂ ತಮ್ಮ ಮಾತು ಕೇಳುತ್ತದೆಯೇ ಎಂಬುದನ್ನು ತಿಳಿದುಕೊಳ್ಳುವ ಸಲುವಾಗಿ ಸದರಿ ಕೃತ್ಯ ಎಸಗಿರುತ್ತಾರೆ."

ಬರಹಗಾರ ಪೆನ್ನು ಎತ್ತಿದ. "ಸಾರ್, ಆರೋಪಿಗೆ 'ಎಸಗಿರುತ್ತಾನೆ' ಅಂತಲ್ವಾ ಬರೆಯೋದು?"

"ಗೊತ್ತು," ಎಂದರು ಇನ್ಸ್‌ಪೆಕ್ಟರ್. "ನಾನು ಹೇಳಿದ ಹಾಗೇ ಬರಿ."